ಸಂಬಳ ಏರಿದರೆ ಬಾಡಿಗೆಯೂ ಏರುತ್ತೆ: ವೌಚರ್ ಮನೆಯಲ್ಲಿರುವವರಿಗೆ ಏನು ಹೇಳಲಿ?

ಮುಂಗಾರು:

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿರುವವರು, ಅದರಲ್ಲೂ ಇಲ್ಲಿನ ಸರ್ಕಾರಿ ಸಹಾಯದ ಮನೆಗಳ ವಿಷಯ ಗೊತ್ತಿರುವವರು ದಯವಿಟ್ಟು ಓದಿ.

ಟ್ಯಾಕ್ಸ್ ಸೀಸನ್‌ನಲ್ಲಿ ನಾನು ಶನಿವಾರ ಶನಿವಾರ ಒಂದು ಉಚಿತ ಕೇಂದ್ರದಲ್ಲಿ ಕೂರುತ್ತೇನೆ. ಕಡಿಮೆ ಆದಾಯದವರ ರಿಟರ್ನ್ ತುಂಬಿಕೊಡುವ ಕೆಲಸ. ಮೊನ್ನೆ ಒಬ್ಬ ಹೆಂಗಸು ಬಂದಿದ್ದರು. ಇಬ್ಬರು ಮಕ್ಕಳು, ಗಂಡ ಜೊತೆಗಿಲ್ಲ. ನರ್ಸಿಂಗ್ ಹೋಮ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ಮನೆ ಸೆಕ್ಷನ್ 8 ವೌಚರ್‌ನದು, ಅಂದರೆ ಬಾಡಿಗೆಯಲ್ಲಿ ಆದಾಯಕ್ಕೆ ತಕ್ಕ ಪಾಲು ಇವರದು, ಉಳಿದದ್ದು ಸರ್ಕಾರದ್ದು. ಮಾತಿನ ನಡುವೆ ಹೇಳಿದರು: ಸೂಪರ್‌ವೈಸರ್ ವಾರಕ್ಕೆ ಇನ್ನೂ ಹತ್ತು ಗಂಟೆ ಕೆಲಸ ಕೊಡುತ್ತೇನೆ ಅಂದರಂತೆ, ಇವರೇ ಬೇಡ ಅಂದರಂತೆ. ಯಾಕೆ ಅಂತ ಕೇಳಿದೆ. "ದುಡಿದಿದ್ದು ಬಾಡಿಗೆಗೆ ಹೋಗುತ್ತೆ. ಮಕ್ಕಳ ಜೊತೆ ಸಿಗುವ ಸಂಜೆಯನ್ನಾದರೂ ಯಾಕೆ ಕಳೆದುಕೊಳ್ಳಲಿ?" ಅಂದರು.

ನನ್ನ ಬಾಯಲ್ಲಿ ಮಾತು ಬರಲಿಲ್ಲ. ಮನೆಗೆ ಬಂದು ಇವರಿಗೆ ಹೇಳಿದರೆ, "ಅದಕ್ಕೇ ಅವರು ಅಲ್ಲೇ ಇದ್ದಾರೆ" ಅಂದುಬಿಟ್ಟರು. ನನಗೆ ಹಾಗನ್ನಿಸುತ್ತಿಲ್ಲ. ಮುಂದಿನ ತಿಂಗಳು ಆಕೆ ಮತ್ತೆ ಬರುತ್ತಾರೆ. ಏನು ಹೇಳಲಿ?

ಲೆಕ್ಕದ ಪುಸ್ತಕ:

ನಿಮ್ಮ ಯಜಮಾನರಿಗೆ ಈ ಲೆಕ್ಕ ತೋರಿಸಿ ಮುಂಗಾರು ಅವರೇ.

ಆಕೆ ನೂರು ಡಾಲರ್ ಜಾಸ್ತಿ ದುಡಿದರು ಅಂತಿಟ್ಟುಕೊಳ್ಳಿ. ಬಾಡಿಗೆ ಆದಾಯದ ಶೇ. 30, ಹಾಗಾಗಿ 30 ಡಾಲರ್ ಅಲ್ಲಿಗೆ. ಫುಡ್ ಸ್ಟಾಂಪ್ (ದಿನಸಿಗೆ ಸರ್ಕಾರ ಕೊಡುವ ಸಹಾಯ) ಇದ್ದರೆ, ದುಡಿಮೆಯ ಹಣದಲ್ಲಿ ಶೇ. 20 ಬಿಟ್ಟು ಉಳಿದದ್ದರ ಶೇ. 30ರಷ್ಟು ಅದೂ ಕಡಿಮೆಯಾಗುತ್ತದೆ. ಅಂದರೆ 24 ಡಾಲರ್. ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಕಡಿತ 7 ಡಾಲರ್ 65 ಸೆಂಟ್. ಉಳಿದದ್ದು 38 ಡಾಲರ್ ಚಿಲ್ಲರೆ. ಬಾಡಿಗೆ ಏರಿದಾಗ ಫುಡ್ ಸ್ಟಾಂಪ್ ಲೆಕ್ಕವೂ ಸ್ವಲ್ಪ ಆಚೀಚೆ ಆಗುತ್ತದೆ, ಅದನ್ನು ಬಿಟ್ಟಿದ್ದೇನೆ. ಈ 38ರಲ್ಲಿ ಆ ಹತ್ತು ಗಂಟೆಗೆ ಮಕ್ಕಳನ್ನು ನೋಡಿಕೊಳ್ಳುವವರಿಗೆ ಕೊಡಬೇಕು, ಬಸ್ಸಿಗೋ ಪೆಟ್ರೋಲಿಗೋ ಹಾಕಬೇಕು.

ದೊಡ್ಡ ಕಂಪನಿಯ ಮುಖ್ಯಸ್ಥನಿಗೆ ನೂರಕ್ಕೆ ಅರವತ್ತೆರಡು ತೆರಿಗೆ ಹಾಕಿ ನೋಡಿ, ಊರೆಲ್ಲ ಕೂಗಾಡುತ್ತಾನೆ. ಈಕೆ ಸುಮ್ನೆ ಬೇಡ ಅಂದರು, ಅಷ್ಟೇ. ಸೋಮಾರಿತನ ಅಲ್ಲ, ಸರಿಯಾದ ಲೆಕ್ಕ.

ಸಣ್ಣ ಪ್ರಶ್ನೆ:

ಈ ಶೇ. 30 ಯಾರು ಮಾಡಿದ್ದು? ಒಂದು ಫಿಕ್ಸ್ ಬಾಡಿಗೆ ಇಟ್ಟುಬಿಟ್ಟರೆ ಆಗಲ್ವಾ?

ಲೆಕ್ಕದ ಪುಸ್ತಕ:

ಒಳ್ಳೆಯ ಉದ್ದೇಶಕ್ಕೇ ಮಾಡಿದ್ದು. 1960ರ ದಶಕದಲ್ಲಿ ಸರ್ಕಾರಿ ವಸತಿಗಳ ಬಾಡಿಗೆ ಏರುತ್ತಾ ಹೋಗಿ, ತೀರಾ ಬಡವರು ಆದಾಯದ ಅರ್ಧಕ್ಕಿಂತ ಜಾಸ್ತಿ ಕೊಡುವ ಸ್ಥಿತಿ ಬಂದಿತ್ತು. ಮ್ಯಾಸಚೂಸೆಟ್ಸ್‌ನ ಸೆನೆಟರ್ ಎಡ್ವರ್ಡ್ ಬ್ರೂಕ್ 1969ರಲ್ಲಿ ಒಂದು ತಿದ್ದುಪಡಿ ತಂದರು. ಬಾಡಿಗೆ ಆದಾಯದ ಶೇ. 25 ದಾಟಬಾರದು ಅಂತ. 1981ರಲ್ಲಿ ಅದನ್ನು ಶೇ. 30 ಮಾಡಿದರು. ಕೆಲಸ ಹೋದರೆ ಬಾಡಿಗೆಯೂ ಇಳಿಯುತ್ತದೆ, ಮನೆ ಉಳಿಯುತ್ತದೆ. ಅದು ದೊಡ್ಡ ಆಸರೆ. ಅದೇ ನಿಯಮ ಹತ್ತುವಾಗ ಕಾಲು ಎಳೆಯುತ್ತದೆ. ಫಿಕ್ಸ್ ಬಾಡಿಗೆ ಇಟ್ಟರೆ ಹತ್ತುವವನಿಗೆ ಒಳ್ಳೆಯದು, ಬೀಳುವವನು ಬೀದಿಗೆ.

ಕಡತದವಳು:

ನಾನು ಒಂದು ಹೌಸಿಂಗ್ ಅಥಾರಿಟಿಯಲ್ಲಿ, ಅಂದರೆ ವೌಚರ್ ನೋಡಿಕೊಳ್ಳುವ ಸ್ಥಳೀಯ ಸಂಸ್ಥೆಯಲ್ಲಿ, ಕೋಆರ್ಡಿನೇಟರ್. ಯಾವ ಊರು ಅಂತ ಕೇಳಬೇಡಿ. ಮುಂಗಾರು ಅವರು ಹೇಳಿದಂಥ ತಾಯಂದಿರು ನಮ್ಮಲ್ಲಿಗೆ ದಿನಾ ಬರುತ್ತಾರೆ. ಈ ತೊಡಕಿಗೆ ಅಂತಲೇ ಒಂದು ಯೋಜನೆ ಇದೆ. ಮೂವತ್ತು ವರ್ಷ ದಾಟಿದರೂ ಅರ್ಧಕ್ಕರ್ಧ ಬಾಡಿಗೆದಾರರಿಗೆ ಅದರ ಹೆಸರೂ ಗೊತ್ತಿರುವುದಿಲ್ಲ ಅನ್ನುವುದು ನನ್ನ ಅನುಭವ. ಫ್ಯಾಮಿಲಿ ಸೆಲ್ಫ್ ಸಫಿಷಿಯೆನ್ಸಿ, ನಾವು ಎಫ್‌ಎಸ್‌ಎಸ್ ಅನ್ನುತ್ತೇವೆ. 1990ರ ವಸತಿ ಕಾಯ್ದೆಯಲ್ಲಿ ಬಂದದ್ದು.

ನಡೆಯುವುದು ಹೀಗೆ. ಕುಟುಂಬ ಐದು ವರ್ಷದ ಒಪ್ಪಂದಕ್ಕೆ ಸಹಿ ಹಾಕುತ್ತದೆ. ಆ ದಿನದ ಆದಾಯ ಎಷ್ಟು, ಬಾಡಿಗೆ ಎಷ್ಟು ಅಂತ ಬರೆದುಕೊಳ್ಳುತ್ತೇವೆ. ಸಹಿ ಹಾಕುವಾಗ ಲೆಕ್ಕಕ್ಕೆ ಬರುವ ಆದಾಯ ತಿಂಗಳಿಗೆ 1,200 ಡಾಲರ್ ಅಂದುಕೊಳ್ಳಿ, ಬಾಡಿಗೆ 360. ಎರಡು ವರ್ಷದಲ್ಲಿ ದುಡಿಮೆ ಏರಿ ಆದಾಯ 2,000 ಆಯಿತು, ಬಾಡಿಗೆ 600. ಆಕೆ 600 ಕೊಡಲೇಬೇಕು, ಅದರಲ್ಲಿ ವಿನಾಯಿತಿ ಇಲ್ಲ. ಆದರೆ ಹೆಚ್ಚಾದ 240 ಡಾಲರ್‌ನಷ್ಟು ಹಣವನ್ನು ಸಂಸ್ಥೆ ಪ್ರತಿ ತಿಂಗಳೂ ಆಕೆಯ ಹೆಸರಿನ ಎಸ್ಕ್ರೋ ಖಾತೆಗೆ, ಅಂದರೆ ಸಂಸ್ಥೆಯೇ ಕಾಯ್ದಿಡುವ ಉಳಿತಾಯ ಖಾತೆಗೆ, ಹಾಕುತ್ತದೆ. ವರ್ಷಕ್ಕೆ 2,880 ಡಾಲರ್, ಮೇಲೆ ಬಡ್ಡಿ. ಒಪ್ಪಂದದ ಗುರಿಗಳನ್ನು ಮುಟ್ಟಿ ಮುಗಿಸಿದ ದಿನ ಇಡೀ ಗಂಟು ಆಕೆಯದು. ಏನಕ್ಕೆ ಖರ್ಚು ಮಾಡುತ್ತೀರಿ ಅಂತ ಯಾರೂ ಕೇಳುವುದಿಲ್ಲ.

ಈಗ ಮುಖ್ಯ ಮಾತು. ಮೊದಲು ಸಹಿ, ಆಮೇಲೆ ಹತ್ತು ಗಂಟೆ. ಸಂಬಳ ಏರಿ, ಅದು ನಮ್ಮ ಕಡತಕ್ಕೆ ಬಂದ ಮೇಲೆ ಸಹಿ ಹಾಕಿದರೆ ಏರಿದ ಬಾಡಿಗೆಯೇ ಮೊದಲ ಗೆರೆಯಾಗುತ್ತದೆ. ಆ ಗೆರೆಯ ಮೇಲೆ ಹೋದದ್ದಕ್ಕೆ ಮಾತ್ರ ಜಮಾ. ನಮ್ಮಲ್ಲಿಗೆ ಬರುವವರಲ್ಲಿ ಎಷ್ಟೋ ಜನ ಖುಷಿಯಿಂದ "ಹೊಸ ಕೆಲಸ ಸಿಕ್ಕಿತು, ಈಗ ಸೇರಿಸಿಕೊಳ್ಳಿ" ಅಂತ ಬರುತ್ತಾರೆ. ಅವರ ಮುಖ ನೋಡಿ ಹೇಳೋಕೇ ಕಷ್ಟ.

ಸಣ್ಣ ಪ್ರಶ್ನೆ:

ಹಾಗಾದರೆ ಮೊದಲಿನಿಂದಲೇ ಕಷ್ಟಪಟ್ಟು ದುಡಿಯುತ್ತಿದ್ದವರಿಗೆ ಕಡಿಮೆ, ಏನೂ ದುಡಿಯದೆ ಬಂದವರಿಗೆ ಜಾಸ್ತಿ?

ಕಡತದವಳು:

ಹೌದು. ಅದು ಈ ಯೋಜನೆಯ ಓರೆ. ನಾನು ಮುಚ್ಚಿಡುವುದಿಲ್ಲ. ಸೊನ್ನೆ ಆದಾಯದಲ್ಲಿ ಸೇರಿದವರಿಗೆ ಗಂಟು ದೊಡ್ಡದಾಗುತ್ತದೆ.

ತೂಗುತಕ್ಕಡಿ:

ಎಲ್ಲರೂ ಹೊಗಳುತ್ತಿದ್ದೀರಿ, ನಾನೊಂದು ಕಹಿ ಮಾತು ಹೇಳುತ್ತೇನೆ. ಈ ಎಫ್‌ಎಸ್‌ಎಸ್ ಕೆಲಸ ಮಾಡುತ್ತದೆಯೇ ಅಂತ ಸರ್ಕಾರವೇ ಪರೀಕ್ಷೆ ಮಾಡಿಸಿದೆ. ಎಂಡಿಆರ್‌ಸಿ ಅನ್ನುವ ಸಂಶೋಧನಾ ಸಂಸ್ಥೆ ಏಳು ರಾಜ್ಯಗಳ 18 ಹೌಸಿಂಗ್ ಅಥಾರಿಟಿಗಳಲ್ಲಿ ಚೀಟಿ ಎತ್ತಿದ ಹಾಗೆ ಕುಟುಂಬಗಳನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಯೋಜನೆ, ಇನ್ನೊಂದಕ್ಕೆ ಇಲ್ಲ. ವರ್ಷಗಟ್ಟಲೆ ಹಿಂಬಾಲಿಸಿದರು. ಒಟ್ಟಾರೆ ಉದ್ಯೋಗದಲ್ಲಿ, ಗಳಿಕೆಯಲ್ಲಿ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಒಪ್ಪಂದ ಮುಗಿಸಿದವರಿಗಿಂತ ನಡುವೆ ಬಿಟ್ಟವರೇ ಜಾಸ್ತಿ.

ಇನ್ನೊಂದು ವಿಷಯ. ಈ ದೇಶದಲ್ಲಿ ಬಾಡಿಗೆ ಸಹಾಯಕ್ಕೆ ಅರ್ಹತೆ ಇರುವ ನಾಲ್ಕು ಕುಟುಂಬಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ಅದು ಸಿಗುತ್ತದೆ. ಉಳಿದ ಮೂರು ಕುಟುಂಬಗಳು ಕಾಯುವ ಸಾಲಿನಲ್ಲಿ ನಿಂತಿವೆ, ಅಥವಾ ಸಾಲೇ ಮುಚ್ಚಿದೆ. ಒಳಗಿರುವವರಿಗೆ ಮನೆಯೂ ಕೊಟ್ಟು ಗಂಟೂ ಕೊಡುವುದು ನ್ಯಾಯವೇ? ಇಷ್ಟು ವರ್ಷ ಅಂತ ಗಡುವು ಇಟ್ಟು ಬೇರೆಯವರಿಗೆ ಜಾಗ ಬಿಡಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಬೈಯುವವರು ಬೈಯಿರಿ.

ಮೂರನೇ ಮಹಡಿ:

ಬೈಯಲ್ಲ ಸರ್. ಆದರೆ ನನ್ನ ಕಥೆ ಹೇಳುತ್ತೇನೆ. ಈ ವೇದಿಕೆಯಲ್ಲಿ ಇದನ್ನು ಬರೆಯುತ್ತೇನೆ ಅಂದುಕೊಂಡಿರಲಿಲ್ಲ. ನಮ್ಮವರಲ್ಲಿ ವೌಚರ್ ಮನೆಯಲ್ಲಿದ್ದೆ ಅಂತ ಹೇಳಿಕೊಳ್ಳುವವರು ಕಡಿಮೆ.

ವಿಚ್ಛೇದನ ಆದಾಗ ನನ್ನ ಹತ್ತಿರ ಗ್ರೀನ್ ಕಾರ್ಡ್ ಇತ್ತು, ಇಲ್ಲಿನ ಡಿಗ್ರಿ ಇರಲಿಲ್ಲ, ಮಗಳು ನಾಲ್ಕು ವರ್ಷದವಳು. ಸಾಲಿನಲ್ಲಿ ಮೂರು ವರ್ಷ ಕಾದೆ. ಆ ಮೂರು ವರ್ಷ ಎಲ್ಲಿ ಮಲಗಿದೆ, ಯಾರ್ಯಾರ ಮನೆಯ ಸೋಫಾ ಅಂತ ಬರೆಯಲ್ಲ. ವೌಚರ್ ಬಂತು. ಎಫ್‌ಎಸ್‌ಎಸ್ ಇದೆ ಅಂತ ಹೇಳಿದ್ದು ಕಚೇರಿಯವರಲ್ಲ, ಕೆಳಗಿನ ಮನೆಯ ಅಜ್ಜಿ. ಸಹಿ ಹಾಕಿದೆ.

ಮೊದಲ ವರ್ಷದಲ್ಲೇ ಬಿಡುವ ಹಾಗಾಗಿತ್ತು. ಕಾರಣ ಕೇಳಿದರೆ ನಗುತ್ತೀರಿ. ಕಾರಿನ ಗೇರ್‌ಬಾಕ್ಸ್. ನನಗೆ ಸಿಕ್ಕಿದ ಕೆಲಸಕ್ಕೆ ಬಸ್ಸೇ ಇರಲಿಲ್ಲ. ಎರಡು ದಿನ ರಜೆ ಹಾಕಿದೆ, ಮೂರನೇ ದಿನ ಮ್ಯಾನೇಜರ್ ಫೋನ್ ಮಾಡಿ ಇನ್ನು ಬರಬೇಡ ಅಂದ. ಕೆಲಸ ಹೋದರೆ ಬಾಡಿಗೆ ಇಳಿಯುತ್ತದೆ, ನಿಜ, ಮನೆ ಉಳಿಯಿತು. ಆದರೆ ನಾನು ಅದೇ ಮೆಟ್ಟಿಲಿಗೆ ವಾಪಸ್.

ಎರಡನೇ ಸಲ ಕೆಲಸ ಸಿಕ್ಕಿ ಖಾತೆಯಲ್ಲಿ ಸ್ವಲ್ಪ ಹಣ ಸೇರಿತ್ತು. ಕಾರು ಮತ್ತೆ ಕೈಕೊಟ್ಟಿತು. ಈ ಸಲ ಕೋಆರ್ಡಿನೇಟರ್ ಬೇರೆಯವರು. ಅವರೇ ಫೋನ್ ಮಾಡಿ "ಎಸ್ಕ್ರೋದಿಂದ ನಡುವೆಯೇ ತೆಗೆಯಬಹುದು, ಕೆಲಸಕ್ಕೆ ಬೇಕಾದ್ದು ಅಂತ ಬರೆದುಕೊಡಿ" ಅಂದರು. ಹಿಂದಿನವರು ಒಂದು ದಿನವೂ ಅದನ್ನು ಹೇಳಿರಲಿಲ್ಲ. ಕಾರು ರಿಪೇರಿ ಆಯಿತು, ಕೆಲಸ ಉಳಿಯಿತು. ನಡುವೆ ಮಗಳಿಗೆ ಹುಷಾರಿಲ್ಲದೆ ಒಂದು ವರ್ಷ ಹಾಳಾಯಿತು. ಐದು ವರ್ಷ ಸಾಲದೆ, ನಿಯಮದಲ್ಲಿರುವ ಇನ್ನೆರಡು ವರ್ಷದ ವಿಸ್ತರಣೆ ಕೇಳಿ ಪಡೆದೆ. ಏಳನೇ ವರ್ಷ ಮುಗಿಸಿದೆ. ಈಗ ದಂತ ವೈದ್ಯರೊಬ್ಬರ ಕ್ಲಿನಿಕ್‌ನಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತೇನೆ. ವೌಚರ್ ಇಲ್ಲ.

ತೂಗುತಕ್ಕಡಿ ಅವರೇ, ನಿಮ್ಮ ಗಡುವು ಐದು ವರ್ಷ ಆಗಿದ್ದರೆ ನಾನು ಆರನೇ ವರ್ಷ ಮತ್ತೆ ಸೋಫಾದ ಮೇಲೆ ಇರುತ್ತಿದ್ದೆ. ಅಷ್ಟೇ ಹೇಳುವುದು.

ತೂಗುತಕ್ಕಡಿ:

ನಿಮ್ಮ ಮಾತಿಗೆ ತಲೆ ಬಾಗಿದೆ. ಗಡುವಿನ ಮಾತನ್ನು ಅಷ್ಟು ಸಲೀಸಾಗಿ ಆಡಬಾರದಿತ್ತು. ಆದರೆ ಸಾಲಿನಲ್ಲಿ ಕಾದ ಆ ಮೂರು ವರ್ಷ ನಿಮ್ಮದೂ ತಾನೇ? ಒಳಗಿದ್ದವರು ಯಾರಾದರೂ ಬೇಗ ಬಿಟ್ಟಿದ್ದರೆ ನಿಮಗೆ ಬೇಗ ಸಿಗುತ್ತಿತ್ತು.

ಲೆಕ್ಕದ ಪುಸ್ತಕ:

ಬಿಡಿಸಲು ಗಡುವು ಬೇಕಾಗಿಯೇ ಇಲ್ಲ. ವೌಚರ್ ತಾನೇ ಕರಗುತ್ತದೆ. ಆಕೆಯ ಆದಾಯದ ಶೇ. 30 ಇಡೀ ಬಾಡಿಗೆಯನ್ನು ಮುಟ್ಟಿದ ದಿನ ಸರ್ಕಾರ ಕೊಡುವುದು ಸೊನ್ನೆ. ಸೊನ್ನೆ ಆಗಿ 180 ದಿನ ಕಳೆದರೆ ವೌಚರ್ ಮುಗಿಯಿತು. ಆರು ತಿಂಗಳಲ್ಲಿ ಕೆಲಸ ಹೋದರೆ ವಾಪಸ್ ಸಹಾಯ ಸಿಗುತ್ತದೆ. ಈ ಇಡೀ ವ್ಯವಸ್ಥೆಯಲ್ಲಿ ನನಗೆ ತುಂಬಾ ಇಷ್ಟವಾದ ನಿಯಮ ಇದು. ಬಾಗಿಲು ಹಾಕುತ್ತದೆ, ಆದರೆ ಚಿಲಕ ಹಾಕಲು ಆರು ತಿಂಗಳು ಕಾಯುತ್ತದೆ.

ಸಾಲು ಉದ್ದ ಇರುವುದಕ್ಕೆ ಒಳಗಿರುವವರು ಕಾರಣ ಅಲ್ಲ. ವೌಚರ್‌ಗೆ ಇಟ್ಟಿರುವ ಹಣ ಕಡಿಮೆ, ಅದು ಕಾರಣ.

ಕಡತದವಳು:

ಎಂಡಿಆರ್‌ಸಿ ಅಧ್ಯಯನದ ಬಗ್ಗೆ ತೂಗುತಕ್ಕಡಿ ಅವರು ಹೇಳಿದ್ದು ಸರಿ, ನಾನೂ ಓದಿದ್ದೇನೆ. ಓದಿದ ದಿನ ಬೇಜಾರಾಗಿತ್ತು. ನನ್ನ ಕೆಲಸವೇ ವ್ಯರ್ಥವಾ ಅನ್ನಿಸಿತ್ತು. ಆದರೆ ಅದೇ ಸಂಸ್ಥೆ ಇನ್ನೊಂದು ಯೋಜನೆಯನ್ನೂ ಅಳೆದಿದೆ, ಜಾಬ್ಸ್ ಪ್ಲಸ್ ಅಂತ. 1998ರಿಂದ 2003ರವರೆಗೆ ಆರು ನಗರಗಳ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ನಡೆಯಿತು. ಲಾಸ್ ಏಂಜಲೀಸ್, ಸೇಂಟ್ ಪಾಲ್, ಡೇಟನ್ ಈ ಮೂರು ಕಡೆ ಪೂರ್ತಿ ಹೇಗೆ ಮಾಡಬೇಕೋ ಹಾಗೆ ಮಾಡಿದರು. ಅಲ್ಲಿ ನಿವಾಸಿಗಳ ಗಳಿಕೆ ಏರಿತು, ಯೋಜನೆ ಮುಗಿದ ಮೇಲೂ ಉಳಿಯಿತು. ಏಳು ವರ್ಷದ ಸರಾಸರಿಯಲ್ಲಿ ಶೇ. 16ರಷ್ಟು ಹೆಚ್ಚು.

ಏನು ವ್ಯತ್ಯಾಸ ಅಂತ ಯೋಚಿಸಿದ್ದೇನೆ. ಎಫ್‌ಎಸ್‌ಎಸ್‌ನಲ್ಲಿ ಹಣ ಐದು ವರ್ಷದ ಆಚೆ ಇದೆ. ಈ ತಿಂಗಳು ಡೈಪರ್‌ಗೆ ದುಡ್ಡಿಲ್ಲದವರಿಗೆ ಐದು ವರ್ಷದ ಆಚೆಯ ಗಂಟು ಕಣ್ಣಿಗೆ ಕಾಣುವುದಿಲ್ಲ. ಜಾಬ್ಸ್ ಪ್ಲಸ್‌ನಲ್ಲಿ ಬಾಡಿಗೆಯನ್ನೇ ಅಷ್ಟು ಏರದ ಹಾಗೆ ಹಿಡಿದರು. ಸಂಬಳ ಏರಿದ ತಿಂಗಳೇ ಕೈಯಲ್ಲಿ ಕಂಡಿತು. ಕೆಲಸ ಹುಡುಕಿಕೊಡುವ ಕಚೇರಿ ಅದೇ ಸಮುಚ್ಚಯದೊಳಗೆ ಇತ್ತು. ಮತ್ತೆ, ಅಕ್ಕಪಕ್ಕದವರೇ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುತ್ತಿದ್ದರು. ಮೂರನೇ ಮಹಡಿಯವರಿಗೂ ಹೇಳಿದ್ದು ಕೆಳಗಿನ ಮನೆಯ ಅಜ್ಜಿ ತಾನೇ. ನಾನು ಹಂಚುವ ಹೊಳಪು ಕಾಗದದ ಕರಪತ್ರವನ್ನು ಯಾರೂ ಓದಲ್ಲ, ನನಗೆ ಗೊತ್ತು.

ನಮ್ಮ ಕಡೆಯ ತಪ್ಪೂ ಇದೆ. ಒಬ್ಬ ಕೋಆರ್ಡಿನೇಟರ್ ಮೇಲೆ ಎಷ್ಟು ಕುಟುಂಬ ಹೊರಿಸುತ್ತಾರೆ ಅಂದರೆ, ವರ್ಷಕ್ಕೊಂದು ಫೋನ್, ಒಂದು ಸಹಿ, ಮುಗಿಯಿತು. ಅದಕ್ಕೆ ಯೋಜನೆ ಅಂತ ಕರೆಯೋಕಾಗಲ್ಲ. ಫೋನ್ ಮಾಡಿ "ಕಾರು ಹೇಗಿದೆ" ಅಂತ ಕೇಳುವವರು ಇದ್ದರೆ ಅದೇ ಕಾಗದ ಬೇರೆ ಥರ ಕೆಲಸ ಮಾಡುತ್ತದೆ. ಇದಕ್ಕೆ ನನ್ನ ಹತ್ತಿರ ಅಂಕಿಅಂಶ ಇಲ್ಲ, ಹನ್ನೊಂದು ವರ್ಷ ಕೂತ ಕುರ್ಚಿ ಇದೆ.

ಬೆಳಗಿನ ಬಸ್:

ತಡವಾಗಿ ಸೇರುತ್ತಿದ್ದೇನೆ. ನಾನು ಶಾಲಾ ಶಿಕ್ಷಕಿ. ನೀವೆಲ್ಲ ತಾಯಿಯ ಸಂಬಳ ನೋಡುತ್ತಿದ್ದೀರಿ, ನನಗೆ ಆ ಇಬ್ಬರು ಮಕ್ಕಳ ವಯಸ್ಸು ಎಷ್ಟು ಅಂತ ಕೇಳಬೇಕು ಅನ್ನಿಸಿತು. 1994ರಲ್ಲಿ ಐದು ನಗರಗಳಲ್ಲಿ ಒಂದು ಪ್ರಯೋಗ ಶುರುವಾಯಿತು, ಮೂವಿಂಗ್ ಟು ಆಪರ್ಚುನಿಟಿ. ತೀರಾ ಬಡ ಸಮುಚ್ಚಯಗಳ ಕುಟುಂಬಗಳಿಗೆ ಬಡತನ ಕಡಿಮೆ ಇರುವ ಬಡಾವಣೆಗೆ ಹೋಗಲು ವೌಚರ್ ಕೊಟ್ಟರು. ದೊಡ್ಡವರ ಗಳಿಕೆ ಏರಲಿಲ್ಲ. ಸೋತಿತು ಅಂದರು. ಆಮೇಲೆ ರಾಜ್ ಚೆಟ್ಟಿ, ನಥಾನಿಯೆಲ್ ಹೆಂಡ್ರೆನ್, ಲಾರೆನ್ಸ್ ಕಾಟ್ಜ್ ಎಂಬ ಅರ್ಥಶಾಸ್ತ್ರಜ್ಞರು ಆ ಮಕ್ಕಳು ಬೆಳೆದ ಮೇಲೆ ಲೆಕ್ಕ ತೆಗೆದರು. ಹದಿಮೂರು ವರ್ಷ ತುಂಬುವ ಮೊದಲು ಹಾಗೆ ಹೋದ ಮಕ್ಕಳ ಗಳಿಕೆ ಇಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿ ಶೇ. 31ರಷ್ಟು ಜಾಸ್ತಿ ಇತ್ತು. ಸ್ವಾವಲಂಬನೆ ಬಂತು, ಒಂದು ತಲೆಮಾರು ತಡವಾಗಿ.

ಆ ತಾಯಿ ಸಂಜೆ ಮಕ್ಕಳ ಜೊತೆ ಇರಬೇಕು ಅಂದದ್ದನ್ನು ಸುಮ್ನೆ ತಳ್ಳಿಹಾಕಬೇಡಿ.

ಮುಂಗಾರು:

ಎಲ್ಲರಿಗೂ ದೊಡ್ಡ ನಮಸ್ಕಾರ. ಇವರಿಗೂ ಓದಿಸಿದೆ. ಲೆಕ್ಕದ ಪುಸ್ತಕದವರ 38 ಡಾಲರ್ ಹತ್ತಿರ ಬಂದಾಗ ಮಾತು ನಿಂತಿತು. "ಹಾಗಿದ್ದರೆ ನಾನೂ ಹೋಗುತ್ತಿರಲಿಲ್ಲ" ಅಂದರು.

ನನಗೆ ಇನ್ನೆರಡು ಅನುಮಾನ. ಒಂದು, ಆಕೆಗೆ ಟ್ಯಾಕ್ಸ್ ರೀಫಂಡ್ ಒಟ್ಟಿಗೆ ಬರುತ್ತದೆ, ದುಡಿಯುವ ಬಡ ಕುಟುಂಬಗಳಿಗೆ ಸಿಗುವ ಅರ್ನ್ಡ್ ಇನ್‌ಕಮ್ ಟ್ಯಾಕ್ಸ್ ಕ್ರೆಡಿಟ್. ಅದನ್ನು ಬಾಡಿಗೆಯವರಿಗೆ ತೋರಿಸಬೇಕಾ? ಎರಡು, ಫುಡ್ ಸ್ಟಾಂಪ್ ತೆಗೆದುಕೊಂಡರೆ ಎಫ್‌ಎಸ್‌ಎಸ್ ಮುಗಿಸೋಕೆ ಆಗಲ್ಲ ಅಂತ ಯಾರೋ ಹೆದರಿಸಿದ್ದಾರಂತೆ.

ಕಡತದವಳು:

ರೀಫಂಡ್ ಆದಾಯಕ್ಕೆ ಸೇರುವುದಿಲ್ಲ. ಬಾಡಿಗೆ ಏರಲ್ಲ. ಆ ಒಂದು ದಿನ ಕೈಗೆ ಇಡೀ ದುಡ್ಡು ಬರುತ್ತದಲ್ಲ, ಹಳೇ ಕ್ರೆಡಿಟ್ ಕಾರ್ಡ್ ಸಾಲ ಇದ್ದರೆ ಅಲ್ಲಿಂದ ಶುರು ಮಾಡಲಿ. ಸಾಲದ ಬಡ್ಡಿ ಎಸ್ಕ್ರೋದ ಬಡ್ಡಿಗಿಂತ ಎಷ್ಟೋ ಪಟ್ಟು ಜಾಸ್ತಿ.

ಎರಡನೆಯದು ತಪ್ಪು ಸುದ್ದಿ. ಮುಗಿಸುವ ಹೊತ್ತಿಗೆ ಕೈಗೆ ನಗದು ಕೊಡುವ ವೆಲ್‌ಫೇರ್ ಮಾತ್ರ ತೆಗೆದುಕೊಳ್ಳುತ್ತಿರಬಾರದು. ಫುಡ್ ಸ್ಟಾಂಪ್, ಮೆಡಿಕೇಡ್ (ಬಡವರ ಸರ್ಕಾರಿ ಆರೋಗ್ಯ ವಿಮೆ) ಲೆಕ್ಕಕ್ಕಿಲ್ಲ. ಮನೆ ಬಿಡಬೇಕು ಅಂತಲೂ ಇಲ್ಲ. ಗಂಟು ತೆಗೆದುಕೊಂಡು ಅದೇ ವೌಚರ್‌ನಲ್ಲಿ ಇರಬಹುದು. ಹಿಂದೆ ಒಂದು ವರ್ಷ ಮೊದಲೇ ವೆಲ್‌ಫೇರ್ ಬಿಟ್ಟಿರಬೇಕಿತ್ತು, 2022ರ ಹೊಸ ನಿಯಮದಲ್ಲಿ ಅದನ್ನು ಸಡಿಲಿಸಿದರು. ಹಳೇ ನಿಯಮ ನೆನಪಿಟ್ಟುಕೊಂಡು ಹೆದರಿಸುವವರು ಇನ್ನೂ ಇದ್ದಾರೆ, ನಮ್ಮ ಕಚೇರಿಗಳಲ್ಲೂ.

ಒಂದು ಎಚ್ಚರಿಕೆ: ಮುಗಿಸದೆ ಬಿಟ್ಟರೆ ಖಾತೆಯ ಹಣ ಸಾಮಾನ್ಯವಾಗಿ ಸಿಗುವುದಿಲ್ಲ. ಅದಕ್ಕೇ ಗುರಿ ಬರೆಯುವಾಗ ದೊಡ್ಡ ದೊಡ್ಡದು ಬರೆಯಬಾರದು. "ನರ್ಸ್ ಆಗುತ್ತೇನೆ, ಮನೆ ಕೊಳ್ಳುತ್ತೇನೆ" ಅಂತೆಲ್ಲ ಉತ್ಸಾಹದಲ್ಲಿ ಬರೆದು ಸಿಕ್ಕಿಹಾಕಿಕೊಂಡವರನ್ನು ನೋಡಿದ್ದೇನೆ. ಆಕೆ ಮಾಡಬಲ್ಲದ್ದನ್ನು ಬರೆಯಲಿ. ಮನೆ ಕೊಳ್ಳುವ ಆಸೆ ಇದ್ದರೆ ಇರಲಿ, ಕೆಲವು ಹೌಸಿಂಗ್ ಅಥಾರಿಟಿಗಳು ವೌಚರ್ ಹಣವನ್ನೇ ಮನೆ ಸಾಲದ ಕಂತಿಗೆ ಬಳಸಲು ಬಿಡುತ್ತವೆ. ಅದು ಮನಸ್ಸಲ್ಲಿರಲಿ, ಒಪ್ಪಂದದಲ್ಲಿ ಬೇಡ.

ಮೂರನೇ ಮಹಡಿ:

ಗುರಿಯ ಮಾತು ನೂರಕ್ಕೆ ನೂರು ನಿಜ. ನನ್ನ ಮೊದಲ ಪಟ್ಟಿಯಲ್ಲಿ ಒಂಬತ್ತು ಗುರಿ ಇತ್ತು. ಎರಡನೇ ಕೋಆರ್ಡಿನೇಟರ್ ಕೂರಿಸಿಕೊಂಡು ನಾಲ್ಕಕ್ಕೆ ಇಳಿಸಿದರು. ಅವತ್ತೇ ಮುಗಿಸಬಹುದು ಅನ್ನಿಸಿದ್ದು.

ಮುಂಗಾರು:

ಇವತ್ತು ಆಕೆ ಬಂದಿದ್ದರು. ಹೇಳಿದೆ. ಅವರ ಹೌಸಿಂಗ್ ಅಥಾರಿಟಿಗೆ ಕೇಂದ್ರದಿಂದಲೇ ಫೋನ್ ಮಾಡಿದೆವು. ಎಲ್ಲ ಕಡೆ ಈ ಯೋಜನೆ ಇರಲ್ಲವಂತೆ, ಅಲ್ಲಿ ಇದೆ. ಮುಂದಿನ ಗುರುವಾರಕ್ಕೆ ಸಮಯ ಕೊಟ್ಟಿದ್ದಾರೆ. ಮಕ್ಕಳಿಗೆ ಆರು ಮತ್ತು ಒಂಬತ್ತು, ಬೆಳಗಿನ ಬಸ್ ಅವರೇ.

ಹತ್ತು ಗಂಟೆ ತೆಗೆದುಕೊಳ್ಳುತ್ತೀರಾ ಅಂತ ನಾನು ಕೇಳಲಿಲ್ಲ. ಅವರೇ ಹೇಳಿದರು: "ಐದು ಗಂಟೆ ಕೇಳುತ್ತೇನೆ. ಶನಿವಾರ ಬೆಳಿಗ್ಗೆ, ನನ್ನ ತಂಗಿ ಮನೆಯಲ್ಲಿರುತ್ತಾಳೆ. ಆದರೆ ಸಹಿ ಆದ ಮೇಲೆ."

ಕಡತದವಳು:

ಸಹಿ ಆದ ತಕ್ಷಣ ಮೊದಲ ಪುಟದ ಫೋಟೋ ತೆಗೆದಿಟ್ಟುಕೊಳ್ಳಲಿ. ಆದಾಯ, ಬಾಡಿಗೆ ಎರಡೂ ಅಂಕಿ ಆ ಪುಟದಲ್ಲೇ ಇರುತ್ತದೆ. ಸಂಬಳ ಏರಿದಾಗ ಸ್ಲಿಪ್ ತಂದು ತೋರಿಸಲಿ, ನಮ್ಮ ಕಡತದಲ್ಲಿ ಏರದೆ ಜಮಾ ಶುರುವಾಗಲ್ಲ. ಮತ್ತೆ ಕೋಆರ್ಡಿನೇಟರ್ ಬದಲಾದರೆ ಮೊದಲ ವಾರವೇ ಹೋಗಿ ಆ ಫೋಟೋ ತೋರಿಸಲಿ.